ಶರಣುವಿನ ಬುತ್ತಿ ನಾನು ಉಂಡದ್ದು

ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಘಮ ಬಂದರೆ ನಿಮಗೆ ಬಾಯಲ್ಲಿ ನೀರೂರಬಹುದು. ನನಗೆ ಅದರ ಜೊತೆಗೆ ಸಣ್ಣದೊಂದು ನಾಚಿಕೆಯೂ ಆಗುತ್ತದೆ. ಇವತ್ತು ಮಧ್ಯಾಹ್ನ ಹೆಂಡತಿ ಹುರಿದ ಶೇಂಗಾ ಕುಟ್ಟುತ್ತಿದ್ದಾಗಲೂ ಹಾಗೇ ಆಯಿತು. ಕಣ್ಣ ಮುಂದೆ ಬಂದದ್ದು ಮುದ್ದೇಬಿಹಾಳದ ನಮ್ಮ ಬಾಡಿಗೆ ಖೋಲಿ. ಆ ಮುಂಜಾನೆ ಅಲ್ಲಿದ್ದವರು ಮೂರೇ ಮಂದಿ: ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ ಗೆಳೆಯ ಶರಣು, ಹೊಸ್ತಿಲಲ್ಲಿ ನಿಂತ ಅವನ ಅವ್ವ ಶಾಂತವ್ವ, ನಡುವೆ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡ ನಾನು.

ಇದು ಹೀಗಾಗಲು ಕಾರಣ ಒಂದು ಡಬ್ಬಿ. ನಮ್ಮ ಕಡೆ ಖೋಲಿ ಮಾಡಿಕೊಂಡು ಓದುವ ಹುಡುಗರಿಗೆ ಊರಿನಿಂದ ಬಸ್ಸಿನಲ್ಲಿ ಬುತ್ತಿ ಬರುತ್ತದೆ. ಮನಗೂಳಿಯಲ್ಲಿ ಶಾಂತವ್ವ ನಸುಕಿನಲ್ಲೇ ರೊಟ್ಟಿ ಬಡಿದು, ಶೇಂಗಾ ಹಿಂಡಿಯ ಜೊತೆ ಡಬ್ಬಿಗೆ ತುಂಬಿ, ಅರಿವೆಯಲ್ಲಿ ಕಟ್ಟಿ ಮೊದಲ ಬಸ್ಸಿಗೆ ಇಡುತ್ತಿದ್ದಳು. ಇಲ್ಲಿ ಕಂಡಕ್ಟರು, “ಮನಗೂಳಿ ಬುತ್ತಿ ಯಾರದ್ರಪ್ಪೋ!” ಎಂದು ಕೂಗುತ್ತಿದ್ದ. ಸಂಜೆಯ ಬಸ್ಸಿಗೆ ಡಬ್ಬಿ ವಾಪಸು. ಮಗ ಫೋನಿನಲ್ಲಿ ಆರಾಮಿದ್ದೇನೆ ಎಂದರೆ ನಮ್ಮ ತಾಯಂದಿರು ನಂಬುವುದಿಲ್ಲ, ಡಬ್ಬಿ ಹೇಳಿದರೆ ನಂಬುತ್ತಾರೆ. ರೊಟ್ಟಿ ಮಿಕ್ಕಿತೋ, ಮಗನಿಗೆ ಹುಷಾರಿಲ್ಲ. ಖಾಲಿಯಾಯಿತೋ, ಎಲ್ಲ ಸುಖ.

ಆಗ ನಾವು ಡಿಗ್ರಿ ಕೊನೆಯ ವರ್ಷದಲ್ಲಿದ್ದೆವು. ಶರಣು ದುಂಡಗಿದ್ದ. ಪೊಲೀಸ್ ಭರ್ತಿಗೆ ಅರ್ಜಿ ಹಾಕಿದ್ದ. ಓಟದ ಪರೀಕ್ಷೆಗೆ ಎರಡು ತಿಂಗಳಿತ್ತು. “ಲೇ ಶರಣ್ಯಾ, ಕಳ್ಳನ ಬೆನ್ನ ಹತ್ತಬ್ಯಾಡ, ಅವನ ಮ್ಯಾಲ ಬಿದ್ದಬಿಡು, ಸಾಕು!” ಎಂದು ಕಾಲೇಜಿನ ಹುಡುಗರು ಕಾಡುತ್ತಿದ್ದರು. ಅವನೂ ಅವರ ಜೊತೆ ನಗುತ್ತಿದ್ದ. ಖೋಲಿಗೆ ಬಂದ ಮೇಲೆ ನಗುತ್ತಿರಲಿಲ್ಲ. ಫೋನಿನ ವಿಡಿಯೋದಲ್ಲಿ ಒಬ್ಬ ಬಿಗಿ ಬನಿಯನ್ನಿನವನು ದಿನಾ ಬಂದು ರೊಟ್ಟಿ ಬಿಡಿ, ಅನ್ನ ಬಿಡಿ ಎನ್ನುತ್ತಿದ್ದ. ಜೋಳ ಅವನಿಗೆ ಏನು ಅನ್ಯಾಯ ಮಾಡಿತ್ತೋ ತಿಳಿಯದು. ಶರಣು ಎರಡನ್ನೂ ಬಿಟ್ಟು, ಸೌತೆಕಾಯಿ, ಸಕ್ಕರೆಯಿಲ್ಲದ ಚಹಾದ ಮೇಲೆ ಎರಡು ಹೊತ್ತು ಓಡತೊಡಗಿದ.

ಡಬ್ಬಿಯ ಗತಿ?

“ಮಿಕ್ಕಿದ್ರ ಅವ್ವ ಬಸ್ ಹತ್ತಿ ಬಂದಬಿಡ್ತಾಳ. ನೀ ತಿಂದು ಖಾಲಿ ಮಾಡೋ ದೋಸ್ತ,” ಅಂದ.

ದೋಸ್ತಿಗಾಗಿ ನಾನು ಎಂಥ ತ್ಯಾಗಕ್ಕೂ ಸಿದ್ಧನಿದ್ದೆ. ಮಧ್ಯಾಹ್ನ ಅವನ ಬುತ್ತಿ, ಸಂಜೆ ಗಾಡಿಯ ಮೇಲಿನ ಎಗ್‌ರೈಸ್. ಡಬ್ಬಿ ನೆಕ್ಕಿದಂತೆ ಖಾಲಿಯಾಗಿ ಹೋದದ್ದೇ ಶಾಂತವ್ವನಿಗೆ ಹಿಗ್ಗೋ ಹಿಗ್ಗು. ನಾಲ್ಕು ರೊಟ್ಟಿ ಆರಾದವು, ಬೆಣ್ಣೆ ಬಂತು, ಶೇಂಗಾದ ಹೋಳಿಗೆಯೂ ಬಂತು. ಅವನು ಇಳಿದಷ್ಟೂ ಡಬ್ಬಿ ತೂಕವಾಯಿತು, ನನ್ನ ಪ್ಯಾಂಟಿನ ಗುಂಡಿ ಕಿತ್ತುಹೋಯಿತು. ನಾನು ಡಬ್ಬಿ ಬಿಚ್ಚಿದಾಗ ಶರಣು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಯಾಕೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಇನ್ನೊಂದು ರೊಟ್ಟಿ ಮುರಿಯುತ್ತಿದ್ದೆ.

ಆ ಮುಂಜಾನೆ ಅವನು ಮೈದಾನದಲ್ಲಿ ತಲೆ ತಿರುಗಿ ಕುಸಿದ. ಜೊತೆಗೆ ಓಡುವ ಹುಡುಗರು ಖೋಲಿಗೆ ತಂದು ಬಿಟ್ಟರು. ನಾನು ಸಕ್ಕರೆ ನೀರು ಕುಡಿಸಿದೆ. ಗಾಬರಿಯಾದರೆ ನನಗೆ ಹಸಿವು ಜಾಸ್ತಿ. ಹಿಂದಿನ ದಿನ ತೆಗೆದಿಟ್ಟಿದ್ದ ರೊಟ್ಟಿ ಬಾಯಿಗಿಟ್ಟೆ. ಅಷ್ಟರಲ್ಲಿ ಹೊಸ್ತಿಲಲ್ಲಿ ಶಾಂತವ್ವ, ಕೈಯಲ್ಲಿ ಮೊದಲಿನದಕ್ಕಿಂತ ದೊಡ್ಡ ಡಬ್ಬಿ.

“ಎಷ್ಟ ಕಳಿಸಿದ್ರೂ ತಿಕ್ಕಿ ತೊಳದಂಗ ಬರ್ತೈತಿ. ನನ್ನ ಕೂಸಿಗೆ ಸಾಲವಲ್ದು ಅಂತ ನಾನ...”

ಮಾತು ಅಲ್ಲಿಗೇ ನಿಂತಿತು. ಮಗನ ಒಣಗಿದ ಮುಖ ನೋಡಿದಳು. ಆಮೇಲೆ ನನ್ನ ಹೊಟ್ಟೆ ನೋಡಿದಳು.

“ರೊಟ್ಟಿ ಎಲ್ಲಿ ಹೋಗ್ತಿದ್ವು ಅಂತ ತಿಳೀತ ಬಿಡು.”

“ತಪ್ಪಾತ್ರೀ ಯವ್ವಾ,” ಎಂದೆ, ರೊಟ್ಟಿ ನುಂಗಿ.

“ನೀ ತಿಂದಿದ್ದಕ್ಕ ಬ್ಯಾಸರಿಲ್ಲೋ ತಮ್ಮಾ. ಅವ ಉಣ್ಣವಲ್ಲ ಅಂತ ಒಂದ ಮಾತ ನನಗ ಹೇಳಬೇಕಿತ್ತಲ್ಲ?”

ಕೈಯಲ್ಲಿ ಉಳಿದಿದ್ದ ತುಂಡನ್ನು ಕೆಳಗಿಟ್ಟೆ. ಶರಣು ಕ್ಷೀಣ ದನಿಯಲ್ಲಿ, “ರೊಟ್ಟಿ ತಿಂದ್ರ ಮೈ ಇಳಿಯೂದಿಲ್ಲ ಅಂತಾರವ್ವಾ,” ಎಂದ.

“ಯಾರಂತಾರ?”

ಅವನು ಫೋನು ತೋರಿಸಿದ. ಬಿಗಿ ಬನಿಯನ್ನಿನವನನ್ನು ಅವಳು ಬಹಳ ಹೊತ್ತು ನೋಡಿದಳು.

“ಇವನ ಅವ್ವ ಎಲ್ಲ್ಯದಾಳ?”

ಆಮೇಲೆ ಕೂತು, ರೊಟ್ಟಿ ಮುರಿದು, ಪಲ್ಲೆ ಹಚ್ಚಿ ಮಗನ ಬಾಯಿಗಿಟ್ಟಳು. “ಓಡಬ್ಯಾಡ ಅಂದೇನೇನು ನಾ? ಓಡು. ಉಂಡು ಓಡು.” ನನ್ನ ಕಡೆ ತಿರುಗಿ, “ನೀನೂ ಓಡು,” ಎಂದಳು.

ಓಡಿದೆವು. ನಾನು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು, ಆ ಮಾತು ಇಲ್ಲಿ ಬೇಡ. ಶರಣು ಈಗ ಇಂಡಿಯಲ್ಲಿ ಪೊಲೀಸ್. ಎರಡನೆಯ ಭರ್ತಿಯಲ್ಲಿ ಗೆದ್ದ, ಇವತ್ತಿಗೂ ದುಂಡಗೇ ಇದ್ದಾನೆ. ನಾನು ಸಿಂದಗಿಯ ಹುಡುಗರಿಗೆ ಇತಿಹಾಸ ಕಲಿಸುತ್ತೇನೆ. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಅವನು ಸೋತ ಮೊದಲ ಓಟ. ಕೆಲವೇ ಸೆಕೆಂಡು ತಡವಾಗಿತ್ತು. ಏದುಸಿರು ಬಿಡುತ್ತ ಹೊರಗೆ ಬಂದವನು ನನ್ನ ಫೋನು ಇಸಿದುಕೊಂಡು ಅವ್ವನಿಗೆ ಹಚ್ಚಿದ. ಅವಳು ಏನನ್ನೂ ಕೇಳುವ ಮೊದಲೇ, “ಯವ್ವಾ, ಮುಂಜಾನೆ ಎರಡು ರೊಟ್ಟಿ ತಿಂದಿದ್ದೆ,” ಎಂದ.

ಸ್ವಲ್ಪ ಹೊತ್ತು ಕೇಳಿಸಿಕೊಂಡು ಫೋನನ್ನು ನನ್ನತ್ತ ಚಾಚಿದ. “ನಿನಗ ಕೊಡು ಅನ್ನಾಕತ್ತಾಳ.”

“ಹೌದ್ರೀ ಯವ್ವಾ,” ಎಂದೆ. “ನಾ ಬಾಜೂಕ ಕುಂತ ನೋಡೇನ್ರಿ. ಅವನೇ ತಿಂದಾನ.”