ಉಕ್ಕದ ಹಾಲು

ಆ ಹಾಲು ಉಕ್ಕಲಿಲ್ಲ, ಸೆಲ್ವಿ. ಉಕ್ಕಿದ ಹಾಗೆ ಮಾಡಿದವಳು ನಾನು.

ನೀನು, ನಿನ್ನ ಗಂಡ ಮಣಿ, ನಿನ್ನ ಅತ್ತೆ — ಮೂವರೂ ಗೂಡಲೂರಿನ ನನ್ನ ಹಿತ್ತಿಲ ಮನೆಗೆ ಬಾಡಿಗೆಗೆ ಬಂದ ದಿನ ಅದು. ಮನೆ ಕಟ್ಟಿ ಮುಗಿದಿರಲಿಲ್ಲ. ನಿಮ್ಮ ಆನಿ ತಿಂಗಳು ಮುಗಿಯುವುದರೊಳಗೆ ಬೀಗದಕೈ ಕೊಡುತ್ತೇನೆ ಎಂದಿದ್ದೆ. ಮಳೆ ಹಿಡಿಯಿತು, ಮೇಸ್ತ್ರಿ ಬರಲಿಲ್ಲ. ಅಡುಗೆಮನೆಯ ಗೋಡೆ ಅರ್ಧಕ್ಕೆ ನಿಂತಿತ್ತು. ಹಿಂದುಗಡೆ ಬಾಗಿಲೂ ಇಲ್ಲ, ಮೆಟ್ಟಿಲೂ ಇಲ್ಲ — ಕಾಲಿಟ್ಟರೆ ಕೆಸರುಗುಂಡಿ. ನೀವು ಕೊಟ್ಟ ಅಡ್ವಾನ್ಸನ್ನು ಮೇಲಿನ ಶೀಟಿಗೆ ಹಾಕಿ ಮುಗಿಸಿದ್ದೆ. ಮನೆ ಬೇಡ ಅಂದರೆ ವಾಪಸು ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.

ಮಾರನೆಯ ದಿನ ಆಡಿ ತಿಂಗಳು ಹುಟ್ಟುತ್ತಿತ್ತು. ಆಡಿಯಲ್ಲಿ, ನಮ್ಮ ಆಷಾಢದ ಹಾಗೆ, ನಿಮ್ಮವರು ಮನೆ ಬದಲಿಸುವುದಿಲ್ಲ. ನಿಮ್ಮ ಹಳೆ ಮನೆಯ ಯಜಮಾನರೋ ಬಿಟ್ಟುಹೋಗಿ ಎಂದಿದ್ದರು. ಅದೆಲ್ಲ ನನಗೆ ಗೊತ್ತಿತ್ತು — ಗೊತ್ತಿದ್ದೇ ಹೇಳಿದೆ, ಇವತ್ತೇ ಹಾಲುಕ್ಕಿಸಿಬಿಡಿ, ಮಿಕ್ಕಿದ ಕೆಲಸ ವಾರದಲ್ಲಿ ಮಾಡಿಸುತ್ತೇನೆ ಎಂದು. ಹಾಲನ್ನೂ ನಾನೇ ತಂದೆ. ಹಾಲು ಉಕ್ಕಿತೆಂದರೆ ಮನೆ ಹೊಕ್ಕ ಹಾಗೆ. ಹೊಕ್ಕ ಮೇಲೆ ಮನೆ ಆಗಿಲ್ಲ ಎಂದರೆ ಯಾರು ಕೇಳುತ್ತಾರೆ.

ಸೌದೆ ಹಸಿ. ಗೋಡೆಯಿಲ್ಲದ ಕಡೆಯಿಂದ ಗಾಳಿ. ಹಾಲು ಬಿಸಿಯಾಯಿತು, ಕೆನೆ ಕಟ್ಟಿತು, ಮೇಲೇಳಲಿಲ್ಲ. ನಿನ್ನ ಅತ್ತೆಯ ಮುಖ ಸಣ್ಣಗಾಗುತ್ತಿತ್ತು. ಉಕ್ಕದಿದ್ದರೆ ಅವಳು ಅಲ್ಲಿ ಒಂದು ಗಳಿಗೆ ನಿಲ್ಲುವ ಹೆಂಗಸಲ್ಲ. ನೀವು ಮೂವರೂ ದೇವರ ಪಟದ ಕಡೆ ತಿರುಗಿ ಕೈಮುಗಿದಿರಿ ನೋಡು — ಆಗ ಸೌಟಿನಲ್ಲಿ ಹಾಲೆತ್ತಿ ಪಾತ್ರೆಯ ಅಂಚಿಗೆ ಸುರಿದೆ. ಒಲೆ ಚುಂಯ್ ಅಂದಿತು.

"ಉಕ್‌ಬುಡ್ತು ಕಣವ್ವ. ಮೂಡ್ಲ ದಿಕ್ಕಿಗೇ ಉಕ್ತು. ಇನ್ ಮನೆ ನಿಮ್ದೇ," ಅಂದೆ.

ನಿನ್ನ ಅತ್ತೆ ನನ್ನ ಎರಡೂ ಕೈ ಹಿಡಿದುಕೊಂಡಳು.

ಆಡಿ ಮುಗಿಯುತ್ತಾ ಬಂತು. ಅರ್ಧ ಗೋಡೆಗೆ ಟಾರ್ಪಾಲು ಕಟ್ಟಿಕೊಂಡು ನೀನು ಅಡುಗೆ ಮಾಡುತ್ತಿದ್ದೆ. ಮಣಿ ಬಂದು ಕೇಳಿದ — ಕೆಲಸ ಮುಗಿಯುವವರೆಗೆ ಬಾಡಿಗೆ ಕೇಳಬೇಡಿ, ಇಲ್ಲ ಅಡ್ವಾನ್ಸ್ ಕೊಡಿ, ಹೋಗುತ್ತೇವೆ ಎಂದು. ಹಾಗೆ ಕೇಳುವ ಹಕ್ಕು ಬಾಡಿಗೆಯವರಿಗೆ ಇದೆಯಂತೆ, ಈಗ ಎಲ್ಲರೂ ಹೇಳುತ್ತಾರೆ. ಅವನಿಗೆ ಕಾನೂನು ತಿಳಿಯದು, ನ್ಯಾಯ ತಿಳಿದಿತ್ತು. ಬೀದಿಯ ಹಿರಿಯರ ಮುಂದೆ ಮಾತು ಹೋಯಿತು. ಅವರು ಕೇಳಿದ್ದು ಒಂದೇ, ಹಾಲು ಉಕ್ಕಿತ್ತೋ ಇಲ್ಲವೋ. ಉಕ್ಕಿತ್ತು ಎಂದು ನಿನ್ನ ಅತ್ತೆಯೇ ಹೇಳಿದಳು. ಹಾಗಾದರೆ ಹೊಕ್ಕಿದ್ದೀರಿ, ಬಾಡಿಗೆ ಕೊಡಿ ಎಂದರು. ನಾನು ಬಾಯಿ ಬಿಡಲಿಲ್ಲ.

ಆಮೇಲೆ ಮಣಿ ನೀರಿನ ಕೊಡ ಹೊತ್ತು ಹಿಂದುಗಡೆ ಆ ಕೆಸರುಗುಂಡಿಯ ಕಡೆ ಇಳಿಯುವಾಗ ಬಿದ್ದ. ತೊಡೆ ಮುರಿಯಿತು. ಮತ್ತೆ ಎಸ್ಟೇಟಿನ ಕೆಲಸಕ್ಕೆ ಹೋಗುವ ಕಾಲು ಅದಾಗಲಿಲ್ಲ. ನೋಡಲು ಹೋದ ನನ್ನ ಎದುರಿಗೇ ನಿನ್ನ ಅತ್ತೆ ಅಂದಳು, "ಹಾಲು ಚೆನ್ನಾಗಿ ಪೊಂಗಿತ್ತಕ್ಕಾ, ಮನೆ ಮೇಲೆ ತಪ್ಪಿಲ್ಲ. ಇವಳ ರಾಶಿನೇ ಸರಿಯಿಲ್ಲ."

ನೀನು ಬಾಗಿಲಲ್ಲಿ ನಿಂತಿದ್ದೆ. ನನ್ನನ್ನೇ ನೋಡಿದೆ — ಏನಾದರೂ ಹೇಳುತ್ತಾಳೆ ಈ ಮುದುಕಿ, ಎಂದುಕೊಂಡೆಯೋ ಏನೋ. ಹೇಳಲಿಲ್ಲ. ನಿನ್ನನ್ನು ಕಟ್ಟಬೆಟ್ಟಿನ ತವರಿಗೆ ಅಟ್ಟಿದರು. ಮೆಟ್ಟಿಲು ನಾನು ಅದಾದ ಮೇಲೆ ಕಟ್ಟಿಸಿದೆ.

ಹೋದ ವರ್ಷ ಕಟ್ಟಬೆಟ್ಟಿಗೆ ಬಂದಿದ್ದೆ, ಹೇಳಲೆಂದೇ. ನೀನು ಕಿತ್ತ ಟೀ ಸೊಪ್ಪು ತೂಕಕ್ಕೆ ಹಾಕಿ ಬಂದು, ಅಜ್ಜಿಯನ್ನು ಕರೆದ ಹಾಗೆ ಪಾಟಿ ಎಂದು ಕೂರಿಸಿ, ಟೀ ಕೊಟ್ಟೆ. ನಿನ್ನ ಕೂದಲೂ ನರೆತಿತ್ತು. ಅತ್ತೆ ಸತ್ತ ಸುದ್ದಿ, ಮಣಿ ಬೇರೆಯವಳನ್ನು ಕಟ್ಟಿಕೊಂಡ ಸುದ್ದಿ — ನೀನೇ ಹೇಳಿದೆ. ಕೊನೆಗೆ, "ನನ್ನ ರಾಶಿ ಹಾಗೆ, ಪಾಟಿ," ಅಂದೆ. ಅಲ್ಲ ಅನ್ನಲು ಬಾಯಿ ತೆರೆದೆ... ಟೀ ಕುಡಿದು ಎದ್ದು ಬಂದೆ.

ನನಗೆ ಬರುವುದು ಕನ್ನಡದ ನಾಲ್ಕಕ್ಷರ. ನಿನಗೆ ಓದಲು ಬರುವುದು ತಮಿಳು. ಇದು ತಿಳಿಯಬೇಕಾಗಿದ್ದ ಅತ್ತೆ ಮಣ್ಣಾದಳು. ಈಗ ತಿಳಿದು ನಿನಗೇನಾಗಬೇಕೋ, ನನಗೆ ತಿಳಿಯದು. ಆದರೂ ಯಾರ ಕೈಲಾದರೂ ಓದಿಸು, ಜೋರಾಗಿ ಓದಿಸು, ನಾಲ್ಕು ಜನ ಇರುವಾಗ.

ನಿನ್ನ ರಾಶಿಯಲ್ಲ, ಸೆಲ್ವಿ. ಅಲ್ಲಿ ಮೆಟ್ಟಿಲು ಇರಲಿಲ್ಲ. ನಾನು ಕಟ್ಟಿಸಿರಲಿಲ್ಲ.