ಮೂರಕ್ಕೆ ಇಳಿಸಿದ ವಾಲ್

ಇಪ್ಪತ್ತೆಂಟು ವರ್ಷದಿಂದ ನಾನು ಬಾಗಳಿಯ ನೀರುಗಂಟಿ. ಬೆಳಿಗ್ಗೆ ಎದ್ದು ಓಣಿ ಓಣಿಯ ವಾಲ್ ತಿರುಗಿಸಿ ನಳಕ್ಕೆ ನೀರು ಬಿಡುವುದು ನನ್ನ ಕೆಲಸ. ಮೇಲಿನ ಓಣಿಗೆ ಐದು ಸುತ್ತು, ಕೆಳಗಿನದಕ್ಕೆ ಮೂರು. ಸುತ್ತು ಹೆಚ್ಚಾದರೆ ನೀರು ಹೆಚ್ಚು. ನಾಲ್ಕನೇ ಕ್ಲಾಸಿಗೆ ಬಿಟ್ಟವನಿಗೆ ಅಷ್ಟು ಲೆಕ್ಕ ಸಾಕಾಗಿತ್ತು.

ಎಂಟು ವರ್ಷದ ಮೊಮ್ಮಗಳ ತಲೆಯಲ್ಲೂ ಒಂದು ವಾಲ್ ಇದೆ. ಮಿದುಳಿನ ಕುಹರಗಳಲ್ಲಿ ನೀರು ನಿಂತು ಅವು ಹಿಗ್ಗುವ ಕಾಯಿಲೆ ಅವಳದು. ಹೆಚ್ಚಾದ ನೀರು ಆ ವಾಲ್ ದಾಟಿ, ಚರ್ಮದ ಕೆಳಗಿನ ಸಣ್ಣ ಕೊಳವೆಯಲ್ಲಿ ಹೊಟ್ಟೆಗೆ ಇಳಿಯುತ್ತದೆ.

ಈ ಸಲದ ಮುಂಗಾರಿನಲ್ಲಿ ಅವಳಿಗೆ ಮತ್ತೆ ತಲೆನೋವು, ವಾಂತಿ ಶುರುವಾಯಿತು, ಕೂತಲ್ಲೇ ತೂಕಡಿಕೆ. ದಾವಣಗೆರೆಗೆ ಕರೆದೊಯ್ದೆವು. ಸ್ಕ್ಯಾನಿನಲ್ಲಿ ಕುಹರಗಳು ದೊಡ್ಡವಾಗಿದ್ದವು. ಡಾಕ್ಟರಮ್ಮ ಅವಳ ಕಿವಿಯ ಹಿಂದೆ ಅಯಸ್ಕಾಂತದ ಯಂತ್ರವೊಂದನ್ನು ಇಟ್ಟು, ವಾಲನ್ನು ಐದರಿಂದ ಮೂರಕ್ಕೆ ತಂದಿದ್ದೇನೆ, ಇನ್ನು ನೀರು ಚೆನ್ನಾಗಿ ಇಳಿಯುತ್ತದೆ ಎಂದರು.

ನನಗೆ ದಿಕ್ಕೇ ತಪ್ಪಿತು. ಹೆಚ್ಚು ಬಿಡಬೇಕಾದವರು ಎರಡು ಸುತ್ತು ಮುಚ್ಚಿದ್ದರಲ್ಲ. ಹೊರಗೆ ಬಂದು ಸೊಸೆಗೆ ಹೇಳಿದೆ.

“ವಾಲ್ ಉಲ್ಟಾ ತಿರುವ್ಯಾರ ನೋಡವ್ವ. ಏಳಕ್ಕ ಏರ್ಸಂತ ಹೇಳಿ ಬರ್ತೀನಿ.”

“ಸುಮ್ನಿರ್ರಿ ಮಾವ. ಅದೇನು ಪಂಚಾಯ್ತಿ ನಳ ಅಲ್ಲ.”

ಆದರೂ ಒಳಗೆ ಹೋಗಿ ಹೇಳಿಯೇಬಿಟ್ಟೆ. ಡಾಕ್ಟರಮ್ಮ ನಗಲಿಲ್ಲ. ನಿಮ್ಮೂರಲ್ಲಿ ಕೆರೆ ಇದೆಯೇ ಎಂದು ಕೇಳಿದರು. ಇದೆ ಎಂದೆ.

“ಹಂಗಾರ ಇದನ್ನ ವಾಲ್ ಅನ್ಕೋಬ್ಯಾಡ್ರಿ, ಕೆರಿ ಕೋಡಿ ಅನ್ಕೊಳ್ರಿ. ಮೂರು ಅಂದ್ರ ಕೋಡಿ ಎತ್ತರ. ತಗ್ಗಿಸಿದ್ರ ಕೆರಿ ಏನಾಗ್ತೈತಿ?”

“ಸಣ್ಣದಾಗ್ತೈತಿ,” ಎಂದೆ. ಹೇಳಿದ್ದು ಬಾಯಿ, ತಲೆ ಇನ್ನೂ ವಾಲ್ ತಿರುಗಿಸುತ್ತಲೇ ಇತ್ತು. ಹಾಗಾದರೆ ಒಂದಕ್ಕೇ ಇಳಿಸಬಾರದೇಕೆ ಎಂದೆ. ನೀರು ಮಿತಿಮೀರಿ ಇಳಿದರೆ ಕುಹರಗಳು ತೀರಾ ಕುಗ್ಗಿ, ಅದರಿಂದಲೂ ತಲೆನೋವು ಬರುತ್ತದಂತೆ. ಇನ್ನಷ್ಟು ಗೊಂದಲ ಹೊತ್ತು ಬಸ್ಸು ಹತ್ತಿದೆ. ಮರುದಿನ ಕೆಳಗಿನ ಓಣಿಯಲ್ಲಿ ಮೂರನೇ ಸುತ್ತಿಗೆ ಕೈ ನಿಂತುಬಿಟ್ಟಿತು. ಬಿಡುತ್ತಿದ್ದೇನೋ, ಮುಚ್ಚುತ್ತಿದ್ದೇನೋ?

ಹೋದ ವಾರ ಮತ್ತೆ ಸ್ಕ್ಯಾನ್ ಆಯಿತು. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ನಡುವಿನ ಕಪ್ಪು ಹೊಂಡಗಳು ಹೊಸದರಲ್ಲಿ ಸಣ್ಣವಾಗಿದ್ದವು. ಕೋಡಿ ಬಿದ್ದದ್ದು ನನ್ನ ಕಣ್ಣು.

ಇವತ್ತು ಬೆಳಿಗ್ಗೆ ಮೊಮ್ಮಗಳು ವಾಲಿನ ಚಾವಿ ಹೊತ್ತು ನನ್ನ ಮುಂದೆ ಮುಂದೆ ನಡೆದಳು. ವಾಂತಿಯಿಲ್ಲ, ತೂಕಡಿಕೆಯಿಲ್ಲ, ಬಾಯಿಗೆ ಬಿಡುವೂ ಇಲ್ಲ. ಮೇಲಿನ ಓಣಿಯಲ್ಲಿ ನಾನು ತಿರುಗಿಸಿ ಮುಗಿಸಿದಾಗ ಕೇಳಿದಳು.

“ಅಜ್ಜ, ನನ್ನ ತಲಿ ವಾಲ್ ಮೂರು. ಇದೆಷ್ಟು?”

“ಐದವ್ವ.”

“ಅಯ್ಯ, ಹಂಗಾರ ಇದಕ್ಕ ತಲಿ ನೋಯ್ತೈತಿ.”

ನನ್ನ ಕೈಯ ಮೇಲೆ ಕೈಯಿಟ್ಟು ಎರಡು ಸುತ್ತು ಹಿಂದಕ್ಕೆ ತಿರುಗಿಸಿದಳು. ಮೇಲಿನ ಓಣಿಯವರ ಕೊಡ ಇವತ್ತು ಅರ್ಧವೇ ತುಂಬಿತು. ಬೈದರು. ನಾನು ನಗುತ್ತಾ ನಿಂತಿದ್ದೆ.