ನಾನು ಮಾಡದ ಬಾಣಂತನ

ಮೆಣಸಿನಕಾಯಿ ಸುಗ್ಗಿಯಲ್ಲಿ ಕುರುಗೋಡಿನ ನಮ್ಮ ಓಣಿಯಲ್ಲಿ ಕೆಮ್ಮದವರನ್ನು ಹುಡುಕಬೇಕು. ಅಂಗಳದ ತುಂಬ ರಾಶಿ, ಸುತ್ತ ಕೂತು ತೊಟ್ಟು ಮುರಿಯುವ ಹೆಣ್ಣುಮಕ್ಕಳು, ಗಾಳಿಯಲ್ಲೆಲ್ಲ ಘಾಟು. ಹಾಗಾಗಿ ನನಗೆ ಕೆಮ್ಮು ಶುರುವಾದಾಗ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ನಾನೂ ಹಿಡಿಯಲಿಲ್ಲ.

"ಘಾಟು ಅದು. ರಾಶಿ ಹೋದ್ರ ಹೋಗತೈತಿ," ಅಂದರು ನಮ್ಮ ಯಜಮಾನರು.

ರಾಶಿ ಲಾರಿ ಹತ್ತಿ ಹೋಯಿತು. ಕೆಮ್ಮು ಹೋಗಲಿಲ್ಲ.

ಬಂದರೆ ಒಂದೇ ಸಮನೆ ಬರುತ್ತಿತ್ತು. ಉಸಿರಾಡಲು ಬಿಡುತ್ತಿರಲಿಲ್ಲ. ಕೊನೆಗೆ ಉಸಿರು ಒಳಗೆ ಎಳೆದುಕೊಳ್ಳುವಾಗ ಕೂಗಿದಂಥ ಸದ್ದು, ಆಮೇಲೆ ವಾಂತಿ. ಪಕ್ಕೆ ಹಿಡಿದುಕೊಂಡು ಗೋಡೆಗೆ ಒರಗುತ್ತಿದ್ದೆ. ಅಷ್ಟರಲ್ಲಿ ಸಿರುಗುಪ್ಪದ ಬೀಗರ ಮನೆಯಿಂದ ಸುದ್ದಿ ಬಂತು. ತವರಿಗೆ ಕರೆತರುವ ಮೊದಲೇ ಮಗಳು ರೇಣುಕಾಗೆ ಹೆರಿಗೆಯಾಗಿತ್ತು. ಹೆಣ್ಣುಕೂಸು. ಚೊಚ್ಚಲ ಬಾಣಂತನ ತವರಿನವರದ್ದು, ಅಂದರೆ ನನ್ನದು. ಬಳ್ಳಾರಿಯಲ್ಲಿ ಒಂದು ಸಿರಪ್ ಬರೆಸಿಕೊಂಡು ಹಾಗೇ ಸಿರುಗುಪ್ಪಕ್ಕೆ ಹೋಗೋಣವೆಂದು ಹೊರಟೆ.

ಡಾಕ್ಟರಮ್ಮನ ಎದುರಿಗೇ ಕೆಮ್ಮು ಬಂತು. ಅವರು ಪೂರ್ತಿ ಕೇಳಿಸಿಕೊಂಡರು. ಎಕ್ಸ್‌ರೇ, ಗಂಟಲಿನ ಸ್ಯಾಂಪಲ್ ಎಲ್ಲ ಬರೆದರು.

"ನಾಯಿಕೆಮ್ಮು ಇದ್ದಂಗ ಐತ್ರಿ. ಪರ್ಟುಸಿಸ್."

"ಅದು ಸಣ್ಣ ಹುಡುಗರಿಗೆ ಬರೋದಲ್ರಿ?" ನನಗೆ ನಗು ಬಂತು.

"ದೊಡ್ಡೋರಿಗೂ ಬರತೈತಿ. ದೊಡ್ಡೋರು ತಡಕೊಳ್ತಾರ, ಹಸುಗೂಸು ತಡಕೊಳ್ಳಂಗಿಲ್ಲ. ಮನಿಯಾಗ ಕೂಸು ಐತೇನ್ರಿ?"

ಬ್ಯಾಗಿನಿಂದ ಕೌದಿ ತೆಗೆದು ತೋರಿಸಿದೆ. ಹಳೇ ಮೆತ್ತನೆ ಸೀರೆಗಳಿಂದ ಕೂಸಿಗೆಂದೇ ಹೊಲಿದದ್ದು.

"ಕೂಸಿನ ಹತ್ರ ಹೋಗಬ್ಯಾಡ್ರಿ."

ಬಾಣಂತನ ಬೀಗಿತ್ತಿಯ ಪಾಲಾಯಿತು. ಕೌದಿಯನ್ನೂ ಕಳಿಸಲಿಲ್ಲ, ಹೊಲಿಯುವಾಗಲೂ ಕೆಮ್ಮಿದ್ದೆನಲ್ಲ.

ರಿಪೋರ್ಟಿನಲ್ಲೂ ಅದೇ ಬಂತು. ಆ್ಯಂಟಿಬಯೋಟಿಕ್ ಮುಗಿದ ಮೇಲೆ ಡಾಕ್ಟರಮ್ಮ, ಇನ್ನು ನಿಮ್ಮಿಂದ ಯಾರಿಗೂ ಅಂಟುವುದಿಲ್ಲ ಅಂದರು. ಕ್ರಿಮಿ ಸತ್ತರೂ ಅದು ಶ್ವಾಸನಾಳದೊಳಗೆ ಮಾಡಿದ ಗಾಯ ಮಾಯಲು ತಿಂಗಳುಗಳೇ ಬೇಕಂತೆ, ಅಲ್ಲಿಯವರೆಗೆ ಕೆಮ್ಮು ಇರುತ್ತದಂತೆ. ಬುದ್ಧಿಗೆ ತಿಳಿಯಿತು. ಆದರೆ ಕೆಮ್ಮಿಕೊಂಡೇ ಕೂಸನ್ನು ಮುಟ್ಟುವ ಧೈರ್ಯ ನನಗೆ ಬರಲಿಲ್ಲ. ಕಾಲು ಚಾಚಿ ಕೂತರೆ ಸಾಕು, ಅದರ ಮೇಲೆ ಕೂಸನ್ನು ಮಲಗಿಸಿ, ಎಣ್ಣೆ ಹಚ್ಚಿ, ಬಿಸಿನೀರು ಎರೆಯಬೇಕೆನಿಸಿ ಅಳು ಬರುತ್ತಿತ್ತು. ಸಂಜೆ ರೇಣುಕಾ ತೊಟ್ಟಿಲ ಬಳಿ ಫೋನ್ ಇಡುತ್ತಿದ್ದಳು. ನಾನು ಜೋಗುಳ ಶುರು ಮಾಡುತ್ತಿದ್ದೆ, ಕೆಮ್ಮು ಅದನ್ನು ಮುಗಿಸುತ್ತಿತ್ತು.

ಕೂಸಿಗೆ ನಾಯಿಕೆಮ್ಮಿನ ಲಸಿಕೆ ಹಾಕಿಸಿದ ಮೇಲೆ ರೇಣುಕಾ ಸಿಟ್ಟಾದಳು.

"ಡಾಕ್ಟರ್ ಹೂಂ ಅಂದ್ರೂ ನೀ ಬರವಲ್ಲಿ. ಕೂಸು ನಡಿಯಾಕ ಕಲತ ಮ್ಯಾಲ ಬರ್ತಿಯೇನು ಯವ್ವಾ?"

ಕೌದಿ ಒಗೆದು, ಬಿಸಿಲಿಗೆ ಒಣಗಿಸಿ, ಸಿರುಗುಪ್ಪದ ಬಸ್ಸು ಹತ್ತಿದೆ. ಬೀಗರ ಬಾಗಿಲಿಗೆ ಬಂದಾಗ ಒಳಗೆ ಕೂಸು ಅಳುತ್ತಿತ್ತು. ಹೊಸ್ತಿಲು ದಾಟಬೇಕು, ಕೆಮ್ಮು ಬಂತು. ಸೆರಗು ಬಾಯಿಗೆ ಒತ್ತಿಕೊಂಡು ಹೊರಗೇ ನಿಂತೆ. ತಿರುಗಿ ಬಸ್‌ಸ್ಟ್ಯಾಂಡಿಗೆ ಹೋಗಿಬಿಡೋಣ ಅನಿಸಿತು.

ನನ್ನ ಕೆಮ್ಮು ಕೇಳಿ ಒಳಗೆ ಅಳು ನಿಂತಿತ್ತು.

ಬೀಗಿತ್ತಿ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದರು. "ಬರ್ರಿ ಒಳಗ," ಅಂದರು ನಗುತ್ತ. "ನಿಮ್ಮ ಜೋಗುಳ ಗುರ್ತು ಹಿಡದೈತಿ ಇದು."

ಕೌದಿ ಹಾಸಿದೆ. ಕಾಲು ಚಾಚಿ ಕೂತೆ.